ಲ್ಯಾಪ್‌ಟಾಪ್ ಮೇಲೆ ಕಾಫಿ, ನೀರು, ಮಜ್ಜಿಗೆ ಚೆಲ್ಲಿದ್ರೆ: ಮೊದಲ ನಿಮಿಷದಿಂದ ಬೋರ್ಡ್ ಚೆಕ್ ಮಾಡೋವರೆಗೆ

ಈಗಷ್ಟೇ ಚೆಲ್ಲಿ, ಗಾಬರೀಲಿ ಇದನ್ನ ಓದ್ತಿದ್ರೆ ಮೊದಲು ಇಷ್ಟು ಮಾಡಿ, ಮಿಕ್ಕಿದ್ದು ಆಮೇಲೆ ಓದ್ಕೊಳ್ಳಿ. ಗೋಡೆ ಸ್ವಿಚ್ ಆಫ್ ಮಾಡಿ ಚಾರ್ಜರ್ ಕಿತ್ಬಿಡಿ. ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿ. ಫೈಲ್ ಸೇವ್ ಆಗಿಲ್ಲ ಅಂತ ಕಾಯ್ಬೇಡಿ, ಶಟ್‌ಡೌನ್ ಆಗೋವರೆಗೂ ನೋಡ್ತಾ ಕೂರೋ ಹೊತ್ತಲ್ಲ ಇದು. ಮೌಸು, ಪೆನ್‌ಡ್ರೈವು, ಏನೇನು ಚುಚ್ಚಿದೀರೋ ಎಲ್ಲಾ ತೆಗೀರಿ. ಹಳೇ ಮಾಡೆಲ್ ಆಗಿದ್ದು ಬ್ಯಾಟರಿ ಹೊರಗಿಂದಲೇ ಬರೋ ಹಾಗಿದ್ರೆ ಅದನ್ನೂ ತೆಗೀರಿ. ಒಣಗಿದ ಟವಲ್ ಒಂದು ಹಾಸಿ ಟೇಬಲ್ ಅಂಚಿಗೆ ಲ್ಯಾಪ್‌ಟಾಪ್ ಬೋರಲು ಹಾಕಿ, ಕೀಬೋರ್ಡ್ ಟವಲ್ ಮೇಲಿರ್ಲಿ, ಸ್ಕ್ರೀನ್ ಅಂಚಿಂದ ಕೆಳಗೆ ಇಳಿಬಿದ್ದಿರ್ಲಿ. ಅಲ್ಲಾಡಿಸೋದು ಕೊಡವೋದು ಮಾಡ್ಬೇಡಿ, ಕೊಡವಿದ್ರೆ ಒಂದು ಮೂಲೇಲಿದ್ದ ನೀರು ಇಡೀ ಬೋರ್ಡಿಗೆ (ಒಳಗೆ ಚಿಪ್ಪುಗಳೆಲ್ಲಾ ಕೂತಿರೋ ಹಲಗೆ, ಮದರ್‌ಬೋರ್ಡ್) ಹರಡ್ಕೊಳತ್ತೆ.

ಆಮೇಲೆ ಒಂದೇ ಒಂದು ಮಾತು ನಡೆಸ್ಕೊಡಿ: ಮತ್ತೆ ಆನ್ ಮಾಡಿ ನೋಡ್ಬೇಡಿ. ನಾನು ಹಾಸನದಲ್ಲಿ ಹನ್ನೆರಡು ವರ್ಷದಿಂದ ಚಿಪ್ ಲೆವೆಲ್ ಸರ್ವಿಸ್ (ಬೋರ್ಡ್ ಬದಲಾಯಿಸ್ದೆ ಅದರ ಮೇಲಿನ ಚಿಪ್ಪು, ಬಿಡಿಭಾಗ ರಿಪೇರಿ ಮಾಡೋದು) ಮಾಡ್ಕೊಂಡಿದೀನಿ, ನೀರು ಬಿದ್ದ ಲ್ಯಾಪ್‌ಟಾಪ್ ತಂದವರಲ್ಲಿ ಹೆಚ್ಚಿನವರು ಹೇಳೋದು ಒಂದೇ ಕಥೆ, ಒರೆಸಿದ್ವಿ ಸಾರ್, ಒಂದು ಗಂಟೆ ಫ್ಯಾನ್ ಕೆಳಗೆ ಇಟ್ವಿ, ಆನ್ ಆಗತ್ತಾ ಅಂತ ನೋಡಿದ್ವಿ, ಆನ್ ಆಯ್ತು, ಆಮೇಲೆ ಪಟ್ ಅಂತ ಹೋಯ್ತು ಅಂತಾರೆ. ಆ ಆನ್ ಮಾಡಿ ನೋಡಿದ್ದೇ ಪೆಟ್ಟು ಕೊಟ್ಟಿರತ್ತೆ, ಎಷ್ಟೋ ಸಲ ಚೆಲ್ಲಿದ ಕಾಫಿಯಿಂದ ಆಗಿರೋ ಹಾನಿ ಅದರ ಮುಂದೆ ಏನೂ ಅಲ್ಲ. ಇದನ್ನ ಎಷ್ಟು ಜನಕ್ಕೆ ಹೇಳಿದ್ರೂ ನನಗೆ ಸಾಲಲ್ಲ ಅನ್ಸತ್ತೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಒಳಗೆ ಏನಾಗತ್ತೆ

ಆಫ್ ಮಾಡಿದ ಲ್ಯಾಪ್‌ಟಾಪ್ ನಿಜವಾಗಿ ಆಫ್ ಆಗಿರಲ್ಲ. ಬ್ಯಾಟರಿ ಬೋರ್ಡಿಗೆ ಕೂತಿರೋವರೆಗೂ ಬೋರ್ಡಿನ ಮೇನ್ ಲೈನ್‌ಲಿ (ಲೈನ್ ಅಂದ್ರೆ ಬೋರ್ಡ್ ಮೇಲೆ ಕರೆಂಟ್ ಹರಿಯೋ ತಾಮ್ರದ ದಾರಿ) ಬ್ಯಾಟರಿ ವೋಲ್ಟೇಜ್ ಇದ್ದೇ ಇರತ್ತೆ, ಪವರ್ ಬಟನ್ ಒತ್ತೋದನ್ನ ಕಾಯ್ತಾ ಕೂತಿರೋ ಚಿಪ್ಪಿಗೆ ಅಂತ 3.3 ವೋಲ್ಟಿನ ಒಂದು ಲೈನ್ ಜೀವಂತ ಇರತ್ತೆ, ಚಾರ್ಜರ್ ಹಾಕಿದ್ರಂತೂ 19 ಅಥವಾ 20 ವೋಲ್ಟ್. ಈ ಲೈನ್‌ಗಳ ಮಧ್ಯೆ ಇರೋ ಜಾಗ ಎಷ್ಟು ಅಂದ್ರೆ ಕನೆಕ್ಟರ್‌ಗಳಲ್ಲಿ ಪಿನ್ನಿಂದ ಪಿನ್ನಿಗೆ ಅರ್ಧ ಮಿಲಿಮೀಟರ್ ಅಷ್ಟೇ. ಅಲ್ಲಿ ಒಂದು ಹನಿ ಕೂತ್ರೆ ದೊಡ್ಡ ವೋಲ್ಟೇಜು ಸಣ್ಣ ಲೈನಿಗೆ ದಾಟ್ಬಿಡತ್ತೆ, 3.3 ವೋಲ್ಟಲ್ಲಿ ಕೆಲಸ ಮಾಡೋ ಚಿಪ್ಪಿಗೆ 19 ಹೋದ್ರೆ ಅದು ಆ ಕ್ಷಣಾನೇ ಮುಗೀತು.

ಇನ್ನೊಂದು ನಿಧಾನವಾಗಿ ಆಗೋದು. ಹಿತ್ತಾಳೆ ಚೊಂಬು, ತಾಮ್ರದ ಬಿಂದಿಗೆ ತೊಳೀದೆ ಬಿಟ್ರೆ ಹಸಿರು ಕಿಲುಬು ಹಿಡಿಯತ್ತಲ್ಲ, ಬೋರ್ಡ್ ಮೇಲೆ ಬರೋದೂ ಅದೇ ಜಾತಿ. ವ್ಯತ್ಯಾಸ ಏನಂದ್ರೆ ಚೊಂಬಿಗೆ ಕಿಲುಬು ಹಿಡಿಯೋಕೆ ವಾರಗಟ್ಟಲೆ ಬೇಕು, ಇಲ್ಲಿ ವೋಲ್ಟೇಜ್ ಇರೋದ್ರಿಂದ ಗಂಟೆಗಳಲ್ಲೇ ಶುರುವಾಗತ್ತೆ. ಪ್ಲಸ್ ಕಡೆ ಇರೋ ತಾಮ್ರ ಕರಗಿ ಮೈನಸ್ ಕಡೆಗೆ ಹೋಗಿ ಬೇರು ಬಿಟ್ಟ ಹಾಗೆ ಬೆಳ್ಕೊಂಡು ಬರತ್ತೆ, ಒಂದು ದಿನ ಆ ಬೇರು ಎರಡು ಪಿನ್ನಿನ ಮಧ್ಯೆ ಸೇತುವೆ ಕಟ್ಟಿದಾಗ ಶಾರ್ಟ್ ಆಗತ್ತೆ, ಇಲ್ಲಾಂದ್ರೆ ಈ ಕಡೆ ತಾಮ್ರ ಪೂರ್ತಿ ಸವೆದು ಲೈನೇ ಕಟ್ ಆಗತ್ತೆ. ಚೆಲ್ಲಿ ಹದಿನೈದು ದಿನ ಚೆನ್ನಾಗಿ ಓಡಿ ಆಮೇಲೆ ಸತ್ತ ಲ್ಯಾಪ್‌ಟಾಪ್‌ಗಳ ಗುಟ್ಟು ಇದು. ಇದು ಆಗೋಕೆ ಮೂರು ಬೇಕು: ತೇವ, ಉಪ್ಪಿನಂಥದ್ದು ಏನಾದ್ರೂ, ವೋಲ್ಟೇಜು. ನೀವು ತಕ್ಷಣ ತೆಗೀಬಹುದಾದ್ದು ಮೂರನೇದು, ಅಂದ್ರೆ ಚಾರ್ಜರ್ ಮತ್ತೆ ಬ್ಯಾಟರಿ.

ಏನು ಚೆಲ್ಲಿದೆ ಅನ್ನೋದು ಮುಖ್ಯ

ರಿಪೇರಿಯವರ ಹತ್ರ ಹೋದಾಗ ನಾಚ್ಕೋಬೇಡಿ, ಏನು ಚೆಲ್ಲಿತು, ಎಷ್ಟು, ಯಾವ ಕಡೆ, ಆಗ ಆನ್ ಇತ್ತಾ, ಚಾರ್ಜರ್ ಹಾಕಿತ್ತಾ, ಇಷ್ಟೂ ಹೇಳಿ. ಎಷ್ಟೋ ಜನ ಸಾರ್ ತಾನಾಗೇ ಆಫ್ ಆಯ್ತು ಅಂತಷ್ಟೇ ಹೇಳಿ ನಿಲ್ತಾರೆ, ಬಿಚ್ಚಿದ್ರೆ ಒಳಗಿಂದ ಹಾಲು ಒಡೆದ ವಾಸನೆ ಬರತ್ತೆ. ಮೊದಲೇ ಹೇಳಿದ್ರೆ ನಮಗೆ ಅರ್ಧ ದಿನ ಉಳಿಯತ್ತೆ, ನಿಮ್ಮ ಬೋರ್ಡಿಗೂ ಒಳ್ಳೇದು, ಯಾಕಂದ್ರೆ ಹೇಳ್ದೆ ಇದ್ರೆ ನಾವೂ ಮೊದಲು ಚಾರ್ಜರ್ ಚುಚ್ಚೇ ನೋಡ್ತೀವಿ.

ಫಿಲ್ಟರ್ ನೀರು ಕಮ್ಮಿ ಕಾಟ, ಬೇಗ ಬ್ಯಾಟರಿ ಬಿಡಿಸಿ ಒಣಗಿಸಿದ್ರೆ ಬಹಳಷ್ಟು ಉಳಿಯತ್ತೆ. ಬೋರ್‌ವೆಲ್ ನೀರಲ್ಲಿ ಲವಣ ಜಾಸ್ತಿ, ಒಣಗಿದ ಮೇಲೆ ಬಿಸಿನೀರಿನ ಹಂಡೇಲಿ ಕೂರೋ ಥರ ಬಿಳಿ ಪದರ ಬಿಟ್ಟು ಹೋಗತ್ತೆ, ಅದು ಮಳೆಗಾಲದಲ್ಲಿ ಗಾಳಿಯ ತೇವ ಎಳ್ಕೊಂಡು ಮತ್ತೆ ಕೆಲಸ ಶುರು ಮಾಡತ್ತೆ. ಹಾಲು ಸಕ್ಕರೆ ಹಾಕಿದ ಕಾಫಿ ಟೀ ಇನ್ನೂ ಕಷ್ಟ, ಸಕ್ಕರೆ ಪಾಕದ ಥರ ಅಂಟ್ಕೊಂಡು ಚಿಪ್ಪಿನ ಹೊಟ್ಟೆ ಕೆಳಗೆಲ್ಲಾ ಕೂತ್ಬಿಡತ್ತೆ. ಕೋಲಾದಲ್ಲಿ ಸಕ್ಕರೆ ಜೊತೆ ಫಾಸ್ಫಾರಿಕ್ ಆಸಿಡ್ ಬೇರೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಉಪ್ಪು ಹಾಕಿದ ಮಜ್ಜಿಗೆ, ಸಾಂಬಾರು, ಎಳನೀರು. ಎಳನೀರು ನೀರೇ ಅಲ್ವಾ ಅಂತಾರೆ, ಅದರಲ್ಲಿ ಪೊಟ್ಯಾಸಿಯಂ ತುಂಬಾ ಇರತ್ತೆ, ಕರೆಂಟ್ ಚೆನ್ನಾಗಿ ಹರಿಯತ್ತೆ. ಇಂಥದ್ದು ಬಿದ್ದಿದ್ರೆ ನಾಳೆ ನೋಡೋಣ ಅನ್ಬೇಡಿ, ಅದೇ ದಿನ ಬಿಚ್ಚಿಸಿ.

ಅಕ್ಕಿ, ಬಿಸಿಲು, ಹೇರ್ ಡ್ರೈಯರ್

ಅಕ್ಕಿ ಮೂಟೇಲಿ ಇಡೋದು ಬೇಡ. ಲ್ಯಾಪ್‌ಟಾಪ್ ಒಳಗಿರೋ ನೀರನ್ನ ಅಕ್ಕಿ ಎಳ್ಕೊಳಲ್ಲ, ಅದರ ಹಿಟ್ಟು ಪೋರ್ಟಿನ ಒಳಗೆ ಹೋಗಿ ಗಂಜಿ ಆಗತ್ತೆ. ಫೋನಿನ ವಿಷಯದಲ್ಲಿ ಆ್ಯಪಲ್‌ನವರೇ 2024ರಲ್ಲಿ ತಮ್ಮ ಸಪೋರ್ಟ್ ಪುಟದಲ್ಲಿ ಅಕ್ಕೀಲಿ ಇಡ್ಬೇಡಿ, ಸಣ್ಣ ಕಣಗಳು ಹಾಳು ಮಾಡತ್ವೆ ಅಂತ ಹಾಕಿದ್ರು, ಲ್ಯಾಪ್‌ಟಾಪಿಗೂ ಅದೇ ಅನ್ವಯ. ಅದಕ್ಕಿಂತ ಮುಖ್ಯ, ನೀವು ಅಕ್ಕೀಲಿ ಇಟ್ಟು ಕಾಯೋ ಮೂರು ದಿನಾನೂ ಬ್ಯಾಟರಿ ಒಳಗೇ ಇರತ್ತೆ, ಕಿಲುಬು ತನ್ನ ಪಾಡಿಗೆ ಬೆಳೀತಾ ಇರತ್ತೆ. ಹೇರ್ ಡ್ರೈಯರ್ ಬಿಸಿಗೆ ಕೀ ಸೊಟ್ಟಗಾಗತ್ತೆ, ಮೇಲಿದ್ದ ನೀರು ಗಾಳಿಗೆ ಇನ್ನೂ ಒಳಕ್ಕೆ ಹೋಗತ್ತೆ. ಬಿಸಿಲಲ್ಲಿ ಇಟ್ರೆ ಸ್ಕ್ರೀನಿಗೂ ಬ್ಯಾಟರಿಗೂ ಒಳ್ಳೇದಲ್ಲ.

ಬಿಚ್ಚೋದು

ಕೈ ಅಭ್ಯಾಸ ಇದ್ದವರು ಇದನ್ನ ಮನೇಲೇ ಮಾಡ್ಬಹುದು, ಕನಿಷ್ಠ ಬ್ಯಾಟರಿ ಬಿಡಿಸೋವರೆಗೆ. ವಾರಂಟಿ ಇದ್ರೆ ಮೊದಲು ಅದರ ಪೇಪರ್ ನೋಡಿ, ಮಾಮೂಲಿ ವಾರಂಟೀಲಿ ಲಿಕ್ವಿಡ್ ಡ್ಯಾಮೇಜ್ ಬರಲ್ಲ, ತಗೊಳ್ಳೋವಾಗ ಆಕ್ಸಿಡೆಂಟಲ್ ಡ್ಯಾಮೇಜ್ ಅಂತ ಎಕ್ಸ್‌ಟ್ರಾ ದುಡ್ಡು ಕಟ್ಟಿದ್ರೆ ಬರತ್ತೆ. ಹಾಗೆ ಕಟ್ಟಿದ್ರೆ ನೀವು ಬಿಚ್ಚಕ್ಕೆ ಹೋಗ್ಬೇಡಿ, ನೇರ ಸರ್ವಿಸ್ ಸೆಂಟರಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ. ಸುಮಾರು ಮಾಡೆಲ್‌ಗಳ ಒಳಗೆ ಒಂದು ಪುಟ್ಟ ಬಿಳಿ ಸ್ಟಿಕ್ಕರ್ ಇರತ್ತೆ, ನೀರು ತಾಗಿದ್ರೆ ಕೆಂಪಗಾಗತ್ತೆ, ಸುಳ್ಳು ಹೇಳಿದ್ರೆ ಅವರಿಗೆ ಒಂದು ನಿಮಿಷದಲ್ಲಿ ಗೊತ್ತಾಗತ್ತೆ.

ಬಿಚ್ಚೋವಾಗ ಒಂದು ಹಾಳೇಲಿ ಲ್ಯಾಪ್‌ಟಾಪಿನ ಚೌಕ ಬರ್ಕೊಂಡು ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಟೇಪ್ ಹಾಕಿ ಅಂಟಿಸಿ. ಉದ್ದದ ಸ್ಕ್ರೂನ ಗಿಡ್ಡದರ ಜಾಗಕ್ಕೆ ಹಾಕಿದ್ರೆ ಬೋರ್ಡೇ ತೂತಾಗತ್ತೆ, ಇದು ನಾನು ನೋಡಿರೋದೇ. ಕೆಳಗಿನ ಕವರ್ ಕ್ಲಿಪ್‌ಗಳನ್ನ ಹಳೇ ಎಟಿಎಂ ಕಾರ್ಡಲ್ಲಿ ಮೆಲ್ಲಗೆ ಎಬ್ಬಿಸಿ, ಚಾಕು ಬೇಡ. ಕವರ್ ಬಂದ ತಕ್ಷಣ ಬೇರೆ ಏನೂ ಮುಟ್ಟೋಕೆ ಮುಂಚೆ ಬ್ಯಾಟರಿ ಕನೆಕ್ಟರ್ ಬಿಡಿಸಿ. ಕೆಲವು ಪಕ್ಕಕ್ಕೆ ಜಾರ್ತವೆ, ಕೆಲವು ಮೇಲಕ್ಕೆ ಏಳ್ತವೆ, ಗೊತ್ತಾಗ್ಲಿಲ್ಲ ಅಂದ್ರೆ ನಿಮ್ಮ ಮಾಡೆಲ್ ನಂಬರ್ ಹಾಕಿ ಒಂದು ವಿಡಿಯೋ ನೋಡಿ, ವೈರ್ ಹಿಡಿದು ಎಳೀಬೇಡಿ. ಬ್ಯಾಟರಿ ಉಬ್ಬಿದ್ರೆ, ಇಲ್ಲ ಅದರ ಮೇಲೇ ಚೆಲ್ಲಿದ್ದು ನಿಂತಿದ್ರೆ ಒತ್ತಬೇಡಿ ಬಗ್ಗಿಸ್ಬೇಡಿ, ಲಿಥಿಯಂ ಸೆಲ್ ಬೆಂಕಿ ಹಿಡಿದ್ರೆ ಮನೇಲಿ ಆರಿಸೋಕಾಗಲ್ಲ, ಅಂಥದ್ದನ್ನ ಬಯಲಿಗೆ ಇಟ್ಟು ಗೊತ್ತಿರೋರಿಗೆ ಕೊಡಿ.

ಈಗ ಟಾರ್ಚ್ ಹಿಡಿದು ನೋಡಿ. ಫೋನ್ ಕ್ಯಾಮೆರಾ ಜೂಮ್ ಮಾಡಿದ್ರೂ ಸಾಕು. ನೀರು ಕೀಬೋರ್ಡಿನಿಂದ ಇಳಿಯೋದು ಸ್ಕ್ರೂ ತೂತು, ಕೇಬಲ್ ಸಂದು, ಪವರ್ ಬಟನ್ ಪಕ್ಕ ಇಂಥ ಕಡೆಯಿಂದ, ಹಾಗಾಗಿ ಮೇಲೆ ಎಲ್ಲಿ ಚೆಲ್ಲಿತೋ ನೇರ ಅದರ ಕೆಳಗೇ ಇರತ್ತೆ ಅನ್ಕೋಬೇಡಿ, ಎಡಕ್ಕೆ ಚೆಲ್ಲಿದ್ದು ಬಲಗಡೆ ರ‍್ಯಾಮ್ ಹತ್ರ ಸಿಗೋದೂ ಉಂಟು. ಏನು ಹುಡುಕ್ಬೇಕು ಅಂದ್ರೆ ಹೊಳಪು ಹೋಗಿ ಮಂಕಾದ ಸೋಲ್ಡರ್ (ಬೆಸುಗೆ), ಬಿಳಿ ಪುಡಿ, ಹಸಿರು ಚುಕ್ಕೆ, ಕಪ್ಪಗೆ ಸುಟ್ಟ ಗುರುತು. ಕಂಡಿದ್ದನ್ನೆಲ್ಲಾ ಮೊದಲು ಫೋಟೋ ತಗೊಳ್ಳಿ. ತೊಳೆದ ಮೇಲೆ ಎಲ್ಲಿತ್ತು ಅಂತ ನೆನಪಿರಲ್ಲ, ಆಮೇಲೆ ಫಾಲ್ಟ್ ಹುಡುಕೋವಾಗ ಆ ಫೋಟೋನೇ ದಾರಿ ತೋರ್ಸೋದು.

ತೊಳೆಯೋದು

ಬೋರ್ಡ್ ತೊಳೀತಾರೆ ಅಂದ್ರೆ ಜನ ಹೌಹಾರ್ತಾರೆ, ನೀರು ಬಿದ್ದಿದ್ದಕ್ಕೇ ಹಾಳಾಗಿದ್ದಲ್ವಾ ಅಂತ. ಪವರ್ ಇಲ್ಲದ ಬೋರ್ಡಿಗೆ ಶುದ್ಧ ನೀರು ಏನೂ ಮಾಡಲ್ಲ, ಒಳಗೆ ಉಳಿದಿರೋ ಸಕ್ಕರೆ ಉಪ್ಪು ಮಾಡತ್ತೆ. ಇಲ್ಲಿ ಎಷ್ಟೋ ಅಂಗಡೀಲೂ ಒಂದು ತಪ್ಪು ಮಾಡ್ತಾರೆ, ನೇರ ಐಪಿಎ ಹಾಕಿ ಬ್ರಷ್‌ಲಿ ಉಜ್ಜಿ ಕೊಟ್ಬಿಡ್ತಾರೆ. ಐಪಿಎ ಅಂದ್ರೆ ಐಸೊಪ್ರೊಪೈಲ್ ಆಲ್ಕೋಹಾಲ್, ಒಳ್ಳೇ ವಸ್ತುನೇ, ಆದ್ರೆ ಅದರಲ್ಲಿ ಸಕ್ಕರೆ ಆಗ್ಲಿ ಉಪ್ಪಾಗ್ಲಿ ಸರಿಯಾಗಿ ಕರಗಲ್ಲ. ಕಾಫಿ ಜೂಸು ಮಜ್ಜಿಗೆ ಬಿದ್ದಿದ್ರೆ ಮೊದಲು ಡಿಸ್ಟಿಲ್ಡ್ ವಾಟರ್, ಇನ್ವರ್ಟರ್ ಬ್ಯಾಟರಿಗೆ ಹಾಕ್ತೀವಲ್ಲ ಅದೇ, ಅದರಲ್ಲಿ ಮೆತ್ತನೆ ಹಲ್ಲುಜ್ಜೋ ಬ್ರಷ್ ಅದ್ದಿ ಉಜ್ಜಿ ಅಂಟು ಕರಗಿಸ್ಬೇಕು, ಆಮೇಲೆ ಆ ನೀರನ್ನ ಹೊರಗೆ ಹಾಕೋಕೆ ಐಪಿಎ. 99 ಪರ್ಸೆಂಟ್ ಇರೋದೇ ತಗೊಳ್ಳಿ, ಮೆಡಿಕಲ್ ಸ್ಟೋರಲ್ಲಿ ಸಿಗೋ 70 ಪರ್ಸೆಂಟಲ್ಲಿ ಉಳಿದಿದ್ದು ನೀರೇ. ಕಿಟಕಿ ತೆಗೆದಿಡಿ, ಒಲೆ ದೀಪ ಊದುಬತ್ತಿ ಹತ್ರ ಬೇಡವೇ ಬೇಡ, ಬಹಳ ಬೇಗ ಹತ್ಕೊಳತ್ತೆ.

ಇದನ್ನ ಮಾಡೋಕೆ ಬೋರ್ಡ್ ಪೂರ್ತಿ ಹೊರಗೆ ಬಂದಿರ್ಬೇಕು, ಫ್ಯಾನ್, ಹೀಟ್‌ಸಿಂಕ್ (ಪ್ರೊಸೆಸರ್ ಬಿಸಿ ಎಳ್ಕೊಳೋ ಲೋಹದ ಪಟ್ಟಿ), ರ‍್ಯಾಮ್, ಎಸ್‌ಎಸ್‌ಡಿ (ಫೈಲ್‌ಗಳೆಲ್ಲಾ ಇರೋ ಕಾರ್ಡ್) ಎಲ್ಲಾ ಬಿಚ್ಚಿರ್ಬೇಕು. ಹೀಟ್‌ಸಿಂಕ್ ತೆಗೆದ ಮೇಲೆ ಹೊಸ ಥರ್ಮಲ್ ಪೇಸ್ಟ್ (ಬಿಸಿ ದಾಟಿಸೋ ಲೇಪ) ಹಾಕ್ದೆ ಕೂರಿಸ್ಬೇಡಿ. ಸ್ಕ್ರೀನು, ಬ್ಯಾಟರಿ, ಸ್ಪೀಕರ್ ಹತ್ರ ನೀರಾಗ್ಲಿ ಐಪಿಎ ಆಗ್ಲಿ ಸುಳೀಬಾರ್ದು, ಸ್ಕ್ರೀನಿನ ಪದರಗಳ ಮಧ್ಯೆ ಹೋದ ಹನಿ ಕಲೆ ಆಗಿ ಉಳಿದುಬಿಡತ್ತೆ. ಚಿಪ್ಪಿನ ಅಡಿಯಲ್ಲಿ ಹೋಗಿರೋ ಕಾಫಿಗೆ ಬ್ರಷ್ ತಲುಪಲ್ಲ, ಅಲ್ಲಿಗೆ ಅಲ್ಟ್ರಾಸಾನಿಕ್ ಮಿಷಿನ್, ಅಂದ್ರೆ ದ್ರವದಲ್ಲಿ ಮುಳುಗಿಸಿ ಕಿವಿಗೆ ಕೇಳದ ಶಬ್ದದ ಕಂಪನದಿಂದ ತೊಳೆಯೋದು, ಬೇಕು, ಅದು ಇರೋ ಅಂಗಡಿ ಹುಡುಕಿ. ಬೆಂಗಳೂರಿನ ಎಸ್.ಪಿ. ರೋಡ್ ಸುತ್ತಮುತ್ತ ಆದ್ರೆ ಸಿಗತ್ತೆ, ಬೇರೆ ಊರಲ್ಲಿ ಸ್ವಲ್ಪ ವಿಚಾರಿಸ್ಬೇಕು.

ಒಣಗೋಕೆ ನಾನು ಎರಡು ದಿನ ಬಿಡ್ತೀನಿ, ಟೇಬಲ್ ಫ್ಯಾನ್ ಗಾಳಿ ಸಾಕು. ಜುಲೈ ತಿಂಗಳಲ್ಲಿ ಸಕಲೇಶಪುರ ಮಡಿಕೇರಿ ಕಡೆಯವರು ಬರೀ ಫ್ಯಾನ್ ನಂಬ್ಕೋಬೇಡಿ, ಅಲ್ಲಿ ಮಡಿಸಿಟ್ಟ ಬಟ್ಟೇನೇ ಒಣಗಲ್ಲ, ಗಾಳಿ ಆಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹತ್ತಾರು ಹಾಕಿ ಬೋರ್ಡ್ ಅದರಲ್ಲಿಡಿ.

ಈಗ ಚೆಕ್ ಮಾಡೋದು

ಎಲ್ಲಾ ಕೂರಿಸಿ ಒಂದೇ ಸಲ ಆನ್ ಮಾಡ್ಬೇಡಿ. ಮೊದಲು ಬ್ಯಾಟರಿ ಇಲ್ದೆ, ಕೀಬೋರ್ಡ್ ಕೇಬಲ್ ಹಾಕ್ದೆ, ಬೋರ್ಡು, ಒಂದು ರ‍್ಯಾಮು, ಫ್ಯಾನು, ಸ್ಕ್ರೀನು ಇಷ್ಟೇ ಇಟ್ಕೊಂಡು ಚಾರ್ಜರ್ ಹಾಕಿ. ಕೀಬೋರ್ಡ್ ಯಾಕೆ ಬೇಡ ಅಂದ್ರೆ ಅದರೊಳಗೆ ಪ್ಲಾಸ್ಟಿಕ್ ಹಾಳೆಗಳು ಒಂದರ ಮೇಲೊಂದು ಇರ್ತವೆ, ಮಧ್ಯೆ ಹೋದ ಸಕ್ಕರೆ ನೀರು ತಿಂಗಳಾದ್ರೂ ಒಣಗಲ್ಲ. ಪವರ್ ಬಟನ್ ಕೀಬೋರ್ಡಲ್ಲೇ ಇರೋ ಮಾಡೆಲ್ ಆದ್ರೆ ಅದು ಒತ್ಕೊಂಡೇ ಇದೆ ಅಂತ ಬೋರ್ಡ್ ತಿಳ್ಕೊಂಡು ತಾನಾಗೇ ಆನ್ ಆಗೋದು ಆಫ್ ಆಗೋದು ಮಾಡತ್ತೆ, ಬೋರ್ಡ್ ಹೋಯ್ತು ಅಂತ ತಂದಿದ್ದು ಕೀಬೋರ್ಡ್ ಕೇಬಲ್ ಕಿತ್ತ ತಕ್ಷಣ ಸರಿ ಹೋಗಿದ್ದು ನನ್ನ ಕೈಯಲ್ಲೇ ಸುಮಾರಿದೆ. ಆನ್ ಆದ್ರೆ ನೇರ ಬಯಾಸ್‌ಗೇ (ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ ಪರದೆ) ಹೋಗತ್ತೆ, ತಾನಾಗೇ ಅಕ್ಷರ ಟೈಪ್ ಆಗತ್ತೆ, ವಾಲ್ಯೂಮ್ ತಾನೇ ಏರತ್ತೆ, ಇಂಥದ್ದೆಲ್ಲಾ ಕೀಬೋರ್ಡ್ ಕಾಯಿಲೆ. ಯುಎಸ್‌ಬಿ ಕೀಬೋರ್ಡ್ ಹಾಕಿ ನೋಡಿ ಖಚಿತ ಮಾಡ್ಕೊಳ್ಳಿ, ಆಮೇಲೆ ಹೊಸ ಕೀಬೋರ್ಡ್ ಹಾಕ್ಸಿ, ಹಳೇದನ್ನ ತೊಳೆದು ಉಳಿಸ್ಕೊಳೋಕೆ ಹೋಗ್ಬೇಡಿ.

ಚಾರ್ಜರ್ ಹಾಕಿದ್ರೂ ಜೀವ ಇಲ್ಲ ಅಂದ್ರೆ ಚಾರ್ಜರಿನ ಇಟ್ಟಿಗೆಯಂಥ ಡಬ್ಬಿ ಮೇಲಿರೋ ಲೈಟ್ ನೋಡಿ. ಲ್ಯಾಪ್‌ಟಾಪಿಗೆ ಚುಚ್ಚಿದ ತಕ್ಷಣ ಆ ಲೈಟ್ ಆರಿಹೋಗಿ, ಕಿತ್ತ ಮೇಲೆ ಮತ್ತೆ ಬಂದ್ರೆ ಮೇನ್ ಲೈನ್ ಶಾರ್ಟ್ ಇದೆ ಅಂತ, ಕೂಡ್ಲೇ ತೆಗೀರಿ. ಟೈಪ್ ಸಿ ಚಾರ್ಜರ್ ಆದ್ರೆ ಕಡಿಮೆ ದುಡ್ಡಿಗೆ ಒಂದು ಯುಎಸ್‌ಬಿ ಮೀಟರ್ ಸಿಗತ್ತೆ, ಮಧ್ಯೆ ಹಾಕಿ ನೋಡಿ. 20 ವೋಲ್ಟಿಗೆ ಏರಿದ್ರೆ ಚಾರ್ಜರೂ ಬೋರ್ಡೂ ಮಾತಾಡ್ಕೊಂಡಿವೆ ಅಂತ ಅರ್ಥ, 5ರಲ್ಲೇ ನಿಂತ್ರೆ ಟೈಪ್ ಸಿ ಪೋರ್ಟಿನ ಪಿನ್ನುಗಳು, ಅದರ ಹಿಂದಿರೋ ಕಂಟ್ರೋಲರ್ ಚಿಪ್, ಅದಕ್ಕೆ ಬರೋ 3.3 ವೋಲ್ಟ್ ಇವನ್ನ ಹುಡುಕ್ಬೇಕು. ಪೋರ್ಟಿನ ಒಳಗೆ ಟಾರ್ಚ್ ಬಿಟ್ಟು ನೋಡಿ, ಮಧ್ಯದ ನಾಲಿಗೆ ಮೇಲೆ ಹಸಿರು ಇದ್ರೆ ಅಲ್ಲೇ ಉತ್ತರ.

ಮಲ್ಟಿಮೀಟರ್ ಹಿಡಿಯೋಕೆ ಬರೋರು ಎಲ್ಲಾ ಪವರ್ ತೆಗೆದು ಬೋರ್ಡ್ ಮೇಲಿರೋ ಚೌಕದ ಕಾಯಿಲ್‌ಗಳಿಂದ ಗ್ರೌಂಡಿಗೆ ಓಮ್ ನೋಡ್ತಾ ಬನ್ನಿ. 19 ವೋಲ್ಟಿನ ಲೈನ್‌ಲಿ ಕಿಲೋ ಓಮ್‌ಗಳಲ್ಲಿ ಬರ್ಬೇಕು, ಸೊನ್ನೆ ಹತ್ರ ಬಂದು ಬೀಪ್ ಹೊಡೆದ್ರೆ ಶಾರ್ಟ್. ಇಲ್ಲಿ ಹೊಸಬರು ಎಡವೋ ಜಾಗ ಒಂದಿದೆ, ಪ್ರೊಸೆಸರ್ ಪಕ್ಕ ಸಾಲಾಗಿ ಇರೋ ಕಾಯಿಲ್‌ಗಳಲ್ಲಿ ಒಂದೆರಡು ಓಮ್, ಕೆಲವು ಸಲ ಅದಕ್ಕೂ ಕಮ್ಮಿ ಬರೋದು ಮಾಮೂಲಿ, ಬೀಪ್ ಬಂತು ಅಂತ ಪ್ರೊಸೆಸರ್ ಹೋಗಿದೆ ಅಂತ ಹೇಳಿ ಬೋರ್ಡ್ ಬಿಸಾಕಿಸ್ಬೇಡಿ. ಪಾಪ ಎಷ್ಟೋ ಒಳ್ಳೇ ಬೋರ್ಡು ಹೀಗೇ ಗುಜರಿಗೆ ಹೋಗಿವೆ.

ಶಾರ್ಟ್ ಇದ್ರೆ ನೂರಕ್ಕೂ ಹೆಚ್ಚು ಕೆಪಾಸಿಟರ್ (ಕರೆಂಟನ್ನ ಸ್ವಲ್ಪ ಹೊತ್ತು ಹಿಡಿದಿಟ್ಕೊಳೋ ಪುಟ್ಟ ಬಿಡಿಭಾಗ) ಮಧ್ಯೆ ಯಾವ್ದು ಅಂತ ಹೇಗೆ ಗೊತ್ತಾಗತ್ತೆ? ಡಿಸಿ ಸಪ್ಲೈಯಿಂದ ಆ ಲೈನಿಗೆ 1 ವೋಲ್ಟ್ ಮಾತ್ರ, ಕರೆಂಟ್ ಮಿತಿ ಇಟ್ಟು, ಕೊಡ್ತೀವಿ. ಶಾರ್ಟ್ ಆಗಿರೋದು ಬಿಸಿ ಆಗತ್ತೆ. ಥರ್ಮಲ್ ಕ್ಯಾಮೆರಾ ಇದ್ರೆ ಅದರಲ್ಲಿ ಹೊಳೆಯತ್ತೆ, ಇಲ್ದೆ ಇದ್ರೆ ಬೋರ್ಡ್ ಮೇಲೆ ತೆಳ್ಳಗೆ ಐಪಿಎ ಸವರಿ ಸುಮ್ನೆ ನೋಡ್ತಾ ಇರ್ಬೇಕು. ಎಲ್ಲಾ ಕಡೆ ಒದ್ದೆ ಹೊಳಪಿದ್ದಾಗ ಸಾಸಿವೆ ಕಾಳಿಗಿಂತ ಚಿಕ್ಕ ಒಂದು ಕಂದು ಕೆಪಾಸಿಟರ್ ಮೇಲೆ ಮಾತ್ರ ಆ ಹೊಳಪು ಆರ್ಕೊಂಡು ಸುತ್ತ ಒಂದು ಉಂಗುರ ಬಿಡತ್ತೆ, ಅದೇ ಕಳ್ಳ. ಅದನ್ನ ಎತ್ತಿ ಮತ್ತೆ ಮೀಟರ್ ಹಿಡಿದಾಗ ಬೀಪ್ ನಿಂತ್ರೆ ಆಗೋ ಸಮಾಧಾನ ಹನ್ನೆರಡು ವರ್ಷ ಆದ್ಮೇಲೂ ನನಗೆ ಹಾಗೇ ಇದೆ. ಇದು ಮನೇಲಿ ಮಾಡೋ ಕೆಲಸ ಅಲ್ಲ, ಆದ್ರೆ ಅಂಗಡಿಯವರು ಇದನ್ನ ಮಾಡ್ತಾರಾ ಅಂತ ಕೇಳೋಕೆ ನಿಮಗೆ ಗೊತ್ತಿರ್ಲಿ.

ಫ್ಯಾನ್ ತಿರುಗತ್ತೆ, ಲೈಟ್ ಬರತ್ತೆ, ಸ್ಕ್ರೀನ್ ಕಪ್ಪು ಅನ್ನೋದು ಇನ್ನೊಂದು. ಕೋಣೆ ಕತ್ತಲೆ ಮಾಡಿ ಸ್ಕ್ರೀನಿಗೆ ಟಾರ್ಚ್ ಓರೆಯಾಗಿ ಹಿಡೀರಿ. ಮಸುಕಾಗಿ ಚಿತ್ರ ಕಂಡ್ರೆ ಡಿಸ್‌ಪ್ಲೇ ಬಂದಿದೆ, ಹಿಂದಿನ ಬೆಳಕು ಬಂದಿಲ್ಲ. ಸ್ಕ್ರೀನ್ ಕೇಬಲ್ ಕನೆಕ್ಟರಲ್ಲಿ ಬ್ಯಾಕ್‌ಲೈಟಿನ ದೊಡ್ಡ ವೋಲ್ಟೇಜು ಸಣ್ಣ ಸಿಗ್ನಲ್ ಪಿನ್ನುಗಳ ಜೊತೆ ಒಂದೇ ಸಾಲಲ್ಲಿ ಇರತ್ತೆ, ಒಂದು ಹನಿ ಸಾಕು ಪಿನ್ ಸುಟ್ಟು ಫ್ಯೂಸ್ ಹೋಗೋಕೆ. ಕೇಬಲ್ ಬಿಚ್ಚಿ ಎರಡೂ ಕಡೆ ಪಿನ್ ನೋಡಿ, ಕಪ್ಪಾಗಿದ್ರೆ ಕೇಬಲ್, ಕನೆಕ್ಟರ್ ಎರಡೂ ಬದಲಾಯಿಸ್ಬೇಕು, ಒಂದೇ ಬದಲಾಯಿಸಿದ್ರೆ ಹಳೇದು ಹೊಸದನ್ನೂ ಸುಡತ್ತೆ. ಟಾರ್ಚಲ್ಲೂ ಏನೂ ಕಾಣದೆ ಇದ್ರೆ ಹೊರಗಿನ ಟಿವಿಗೆ ಎಚ್‌ಡಿಎಂಐ ಹಾಕಿ ನೋಡಿ, ರ‍್ಯಾಮ್ ತೆಗೆದು ಸ್ಲಾಟ್ ಪಿನ್ನುಗಳನ್ನ ಐಪಿಎ ಹಾಕಿ ತೊಳೆದು ಮತ್ತೆ ಕೂರಿಸಿ.

ಆನ್ ಆಗಿ ಎಲ್ಲಾ ಬಂದು ಆಮೆ ಥರ ಓಡ್ತಿದ್ರೆ ಟಾಸ್ಕ್ ಮ್ಯಾನೇಜರಲ್ಲಿ ಪ್ರೊಸೆಸರ್ ಸ್ಪೀಡ್ ನೋಡಿ. 0.4 ಗಿಗಾಹರ್ಟ್ಸ್ ಹತ್ರ ಅಂಟ್ಕೊಂಡಿದ್ರೆ ಯಾವುದೋ ಸೆನ್ಸರ್ ಲೈನೋ ಬ್ಯಾಟರಿಯ ಸಿಗ್ನಲ್ಲೋ ಕೊಳೆತು ಬೋರ್ಡ್ ತನ್ನನ್ನ ತಾನೇ ಹಿಡಿದಿಟ್ಕೊಂಡಿದೆ, ವಿಂಡೋಸ್ ಮತ್ತೆ ಹಾಕಿದ್ರೆ ಅದು ಸರಿ ಹೋಗಲ್ಲ. ಟಚ್‌ಪ್ಯಾಡ್, ವೈಫೈ, ಸ್ಪೀಕರ್ ಒಂದೊಂದೇ ಹೋಗಿದ್ರೆ ಬಹಳ ಸಲ ಆಯಾ ಕೇಬಲ್, ಕನೆಕ್ಟರ್ ತೊಳೆದ್ರೆ ಮುಗಿಯತ್ತೆ.

ಮೂರು ದಿನ ಓಡಿ ನಿಂತ ಒಂದು ಲ್ಯಾಪ್‌ಟಾಪ್

ನಮ್ಮೂರ ಕಾಲೇಜಿನ ಮೇಡಂ ಒಬ್ರು ಇಂಟರ್ನಲ್ಸ್ ಮಾರ್ಕ್ಸ್ ಎಂಟ್ರಿ ಮಾಡ್ತಾ ಕಾಫಿ ಲೋಟ ತಾಗಿಸ್ಕೊಂಡಿದ್ರು, ಅರ್ಧ ಲೋಟ, ಬಲಗಡೆ. ಒರೆಸಿ ಬಿಸಿಲಲ್ಲಿಟ್ಟು ಸಂಜೆ ಆನ್ ಮಾಡಿದ್ರು, ಆನ್ ಆಯ್ತು, ಮೂರು ದಿನ ಕೆಲಸಾನೂ ಮಾಡಿದ್ರು. ನಾಲ್ಕನೇ ದಿನ ಬ್ಯಾಟರಿ ಸೊನ್ನೆಗೆ ಬಂದು ಆಫ್ ಆಯ್ತು, ಚಾರ್ಜರ್ ಹಾಕಿದ್ರೆ ಏನೂ ಇಲ್ಲ. ಬೇರೆ ಕಡೆ ಒಬ್ರು ಬ್ಯಾಟರಿ ಹೋಗಿದೆ ಅಂತ ಹೊಸ ಬ್ಯಾಟರಿ ಮಾರಿದ್ರು, ಅದೂ ಖಾಲಿ ಆಗೋವರೆಗೆ ಓಡಿ ನಿಂತಿತ್ತು. ಆಮೇಲೆ ಬೋರ್ಡ್ ಬದಲಾಯಿಸ್ಬೇಕು ಅಂದ್ರಂತೆ, ಆಗ ನನ್ನ ಹತ್ರ ಬಂದ್ರು, ಕಣ್ಣಲ್ಲಿ ನೀರಿತ್ತು, ದುಡ್ಡಿಗಿಂತ ಮಕ್ಕಳ ಮಾರ್ಕ್ಸ್ ಅದರೊಳಗಿದೆ ಅನ್ನೋ ಸಂಕಟ.

ಬ್ಯಾಟರೀಲಿ ಓಡತ್ತೆ, ಚಾರ್ಜರಲ್ಲಿ ಓಡಲ್ಲ ಅಂದ್ರೆ ಪ್ರೊಸೆಸರ್ ರ‍್ಯಾಮ್ ಯಾವ್ದೂ ಹೋಗಿಲ್ಲ, ಚಾರ್ಜರ್ ಒಳಗೆ ಬರೋ ಬಾಗಿಲಲ್ಲೇ ತೊಂದರೆ. ಜ್ಯಾಕಲ್ಲಿ 19 ವೋಲ್ಟ್ ಇತ್ತು, ಮುಂದಕ್ಕೆ ದಾಟ್ತಿರ್ಲಿಲ್ಲ. ಚಾರ್ಜಿಂಗ್ ಐಸಿ, ಅಂದ್ರೆ ಚಾರ್ಜ್ ಮಾಡೋದನ್ನ ನೋಡ್ಕೊಳೋ ಚಿಪ್ಪು, ಚಾರ್ಜರ್ ಬಂದಿದೆ ಅಂತ ಹೇಗೆ ತಿಳ್ಕೊಳತ್ತೆ ಅಂದ್ರೆ, ಎರಡು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡೋ ಬಿಡಿಭಾಗ) ಆ 19 ವೋಲ್ಟನ್ನ ಭಾಗ ಮಾಡಿ ಅದರ ಒಂದು ಪಿನ್ನಿಗೆ ಕೊಡ್ತವೆ, ಬಹಳ ಬೋರ್ಡಲ್ಲಿ ಬರೋ ಬಿಕ್ಯೂ ಸರಣಿ ಐಸಿಗಳಲ್ಲಿ ಅಲ್ಲಿ 2.4 ವೋಲ್ಟಿಗಿಂತ ಜಾಸ್ತಿ ಬಂದ್ರೆ ಮಾತ್ರ ಬಾಗಿಲು ತೆಗೆಯತ್ತೆ. ನನಗೆ ಸಿಕ್ಕಿದ್ದು 0.7. ಮೈಕ್ರೋಸ್ಕೋಪ್ ಕೆಳಗೆ ಇಟ್ರೆ ಐಸಿ ಪಕ್ಕ ಒಣಗಿದ ಹಾಲಿನ ಕೆನೆ ಥರ ಹಳದಿ ಪೊರೆ, ಸೂಜಿ ಮೊನೇಲಿ ಎಬ್ಬಿಸಿದ್ರೆ ಕೆಳಗೆ ಆ ರೆಸಿಸ್ಟರು, ಒಂದು ತುದಿ ಬೆಳ್ಳಗಿದೆ, ಇನ್ನೊಂದು ತುದಿ ಹಸಿರು ಪುಡಿ. ಮುಟ್ಟಿದ ತಕ್ಷಣ ಉದುರಿ ಬಂತು. ಉದ್ದ ಒಂದು ಮಿಲಿಮೀಟರ್. ಗುಜರಿ ಬೋರ್ಡಿಂದ ಅಷ್ಟೇ ಓಮಿನ ರೆಸಿಸ್ಟರ್ ಎತ್ತಿ ಹಾಕಿ, ಐಸಿ ಕೆಳಗೆಲ್ಲಾ ತೊಳೆದು ಒಣಗಿಸಿ ಚಾರ್ಜರ್ ಹಾಕಿದಾಗ 2.6 ವೋಲ್ಟ್ ಬಂತು, ಕಿತ್ತಳೆ ಲೈಟ್ ಹತ್ಕೊಳ್ತು. ಮೇಡಂ ಕುರ್ಚಿಯಿಂದ ಎದ್ದೇ ಬಿಟ್ರು. ಮೊದಲ ದಿನಾನೇ ತಂದಿದ್ರೆ ಬರೀ ತೊಳೆಯೋದರಲ್ಲಿ ಮುಗೀತಿತ್ತು, ಹೊಸ ಬ್ಯಾಟರಿ ದುಡ್ಡೂ ಉಳೀತಿತ್ತು.

ಡೇಟಾ

ಲ್ಯಾಪ್‌ಟಾಪ್ ಉಳೀದೆ ಇದ್ರೂ ಫೈಲ್ ಉಳಿಯೋ ಸಾಧ್ಯತೆ ಚೆನ್ನಾಗೇ ಇರತ್ತೆ. ಸುಮಾರು ವಿಂಡೋಸ್ ಲ್ಯಾಪ್‌ಟಾಪಲ್ಲಿ ಎಸ್‌ಎಸ್‌ಡಿ ಚೂಯಿಂಗ್ ಗಮ್ ಪಟ್ಟಿಯಷ್ಟಿರೋ ಬೇರೆ ಕಾರ್ಡು, ಒಂದು ಸ್ಕ್ರೂ ಬಿಚ್ಚಿ ತೆಗೆದು ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಲ್ಲಿ ನೋಡ್ಬಹುದು. ಆಗ ಬಿಟ್‌ಲಾಕರ್ (ಫೈಲ್‌ಗಳಿಗೆ ವಿಂಡೋಸ್ ಹಾಕೋ ಬೀಗ) 48 ಅಂಕಿಯ ಕೀ ಕೇಳಿದ್ರೆ ಗಾಬರಿ ಬೇಡ, ನೀವು ಲಾಗಿನ್ ಆಗಿದ್ದ ಮೈಕ್ರೋಸಾಫ್ಟ್ ಅಕೌಂಟನ್ನ ಫೋನಲ್ಲಿ ತೆಗೆದ್ರೆ ಸಾಮಾನ್ಯವಾಗಿ ಅಲ್ಲೇ ಸೇವ್ ಆಗಿರತ್ತೆ. ಈಗಿನ ಮ್ಯಾಕ್‌ಬುಕ್‌ಗಳಲ್ಲಿ ಮಾತ್ರ ಸ್ಟೋರೇಜ್ ಬೋರ್ಡಿಗೇ ಸೋಲ್ಡರ್ ಆಗಿ ಎನ್‌ಕ್ರಿಪ್ಟ್ ಆಗಿರೋದ್ರಿಂದ (ಬೇರೆ ಕಡೆ ಓದೋಕಾಗದ ಹಾಗೆ ಬೀಗ ಬಿದ್ದಿರೋದ್ರಿಂದ) ಆ ಬೋರ್ಡೇ ಜೀವ ಪಡೀಬೇಕು, ಅದಕ್ಕೇ ಅಂಥವನ್ನ ಬೋರ್ಡ್ ಬದಲಾಯಿಸೋ ಕಡೆ ಕೊಡೋ ಮುಂಚೆ ಡೇಟಾ ಬೇಕು ಅಂತ ಬಾಯಿಬಿಟ್ಟು ಹೇಳಿ, ಹಳೇ ಬೋರ್ಡ್ ವಾಪಸ್ ಕೇಳಿ.

ಅಂಗಡೀಲಿ ಕೊಡೋವಾಗ

ಬಿಚ್ಚಿದ ತಕ್ಷಣದ ಫೋಟೋ, ತೊಳೆದ ಮೇಲಿನ ಫೋಟೋ ಎರಡೂ ಕೇಳಿ, ಕೆಲಸ ಗೊತ್ತಿರೋರು ಬೇಜಾರು ಮಾಡ್ಕೊಳಲ್ಲ. ಬೋರ್ಡ್ ಹೋಗಿದೆ ಅಂದ್ರೆ ಯಾವ ಲೈನ್ ಶಾರ್ಟ್, ಯಾವ ಚಿಪ್ ಅಂತ ಕೇಳಿ. ಉತ್ತರ ಇಲ್ದೆ ಬರೀ ಹೋಗಿದೆ ಅಂದ್ರೆ ಇನ್ನೊಬ್ರಿಗೆ ತೋರ್ಸಿ, ಯಾಕಂದ್ರೆ ಬೋರ್ಡ್ ಬದಲಾಯಿಸಿದ್ರೆ ಹಳೇ ಲ್ಯಾಪ್‌ಟಾಪಿನ ಬೆಲೆಯಷ್ಟೇ ಆಗೋದೂ ಇದೆ. ಹಾಗಂತ ಎಲ್ಲಾ ಉಳಿಯಲ್ಲ, ಪ್ರೊಸೆಸರ್ ಅಡಿಗೇ ಸಾಂಬಾರು ಹೋಗಿ ಕಪ್ಪಾಗಿದ್ರೆ ನಾನೂ ದುಡ್ಡು ಹಾಕ್ಬೇಡಿ, ಡೇಟಾ ತಗೊಂಡು ಬಿಟ್ಬಿಡಿ ಅಂತಲೇ ಹೇಳ್ತೀನಿ.

ರಿಪೇರಿ ಆಗಿ ಮನೆಗೆ ಬಂದ ದಿನಾನೇ ಫೈಲ್‌ಗಳನ್ನೆಲ್ಲಾ ಬೇರೆ ಕಡೆ ಕಾಪಿ ಮಾಡಿ. ಮೊದಲ ಹದಿನೈದು ದಿನ ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿ ಮಲಗ್ಬೇಡಿ, ದಿನಕ್ಕೊಮ್ಮೆ ಕೆಳಗಿನ ಕವರ್ ಮೇಲೆ ಕೈ ಆಡಿಸಿ ಎಲ್ಲಾದ್ರೂ ಒಂದೇ ಜಾಗ ವಿಪರೀತ ಬಿಸಿ ಇದೆಯಾ, ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದೆಯಾ ನೋಡಿ. ಉಬ್ಬಿದ್ರೆ ಅದು ಬ್ಯಾಟರಿ, ಆಗಲೇ ಆಫ್ ಮಾಡಿ ತಗೊಂಡ್ಹೋಗಿ. ಹದಿನೈದು ದಿನ ಆದ್ಮೇಲೆ ಒಂದು ಸಲ ಕವರ್ ತೆಗೆಸಿ ಮೊದಲು ತೆಗೆದ ಫೋಟೋ ಪಕ್ಕದಲ್ಲಿಟ್ಕೊಂಡು ಅದೇ ಜಾಗಗಳನ್ನ ನೋಡ್ಸಿ, ಹಸಿರು ಮತ್ತೆ ಕಂಡ್ರೆ ಇನ್ನೊಂದು ಸಲ ತೊಳೀಬೇಕಾಗತ್ತೆ.